ನಿಮಗಿದು ಗೊತ್ತೆ? ತೊಡದೇವು ಪೇಟೆಗೆ, ತಂಬುಳಿ ಮನೆಗೆ
ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರುಚಿಯನ್ನು ಹೋಟೆಲಿನ ಬೋರ್ಡಿನಲ್ಲಿ ಹುಡುಕಿದರೆ ಅರ್ಧವೇ ಸಿಗುತ್ತದೆ. ಯಾವುದು ಪೇಟೆಗೆ ಬರಬೇಕೆಂದು ಬಹುಮಟ್ಟಿಗೆ ತೀರ್ಮಾನಿಸುವುದು ಬಾಳಿಕೆ. ತೊಡದೇವನ್ನೇ ನೋಡಿ: ಅಕ್ಕಿಹಿಟ್ಟಿಗೆ ಕಬ್ಬಿನಹಾಲನ್ನೋ ಜೋನಿಬೆಲ್ಲವನ್ನೋ ಬೆರೆಸಿ, ಉರಿಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಬಟ್ಟೆಯಿಂದ ತೆಳ್ಳಗೆ ಬಳಿದು, ಬಿಸಿಯಿರುವಾಗಲೇ ಮಡಚಬೇಕು. ಒಂದೊಂದೇ ಎಬ್ಬಿಸುವ ತಾಳ್ಮೆಯ ಕೆಲಸ. ಆದರೂ ಗರಿಗರಿ ಒಣ ತಿಂಡಿಯಾದ್ದರಿಂದ ಪೊಟ್ಟಣದಲ್ಲಿ ಅಂಗಡಿ ಸೇರುತ್ತದೆ. ಉಪ್ಪಿನಲ್ಲಿ ಕೂತ ಮಾವಿನ ಅಪ್ಪೆಮಿಡಿಯದೂ ಇದೇ ಕಥೆ. ತಂಬುಳಿಗೆ ಆ ಭಾಗ್ಯವಿಲ್ಲ. ಒಂದೆಲಗವನ್ನೋ ಬೇರೆ ಚಿಗುರನ್ನೋ ತೆಂಗಿನತುರಿಯೊಂದಿಗೆ ಅರೆದು ಮಜ್ಜಿಗೆ ಬೆರೆಸಿದ್ದು, ಹೆಚ್ಚು ಹೊತ್ತು ಇಟ್ಟರೆ ಹುಳಿಯಾಗುತ್ತದೆ. ಹೋಟೆಲಿನ ಊಟದಲ್ಲೂ ತಂಬುಳಿ ಬಡಿಸುತ್ತಾರಲ್ಲ ಎನ್ನಬಹುದು. ನಿಜ, ಆದರೆ ಹಿತ್ತಲಿನಿಂದ ಆಗಷ್ಟೇ ಕಿತ್ತ ಸೊಪ್ಪು, ಅದೂ ದಿನಕ್ಕೊಂದು ಬಗೆ, ಪೇಟೆಯ ಅಡುಗೆಮನೆಗೆ ದಕ್ಕುವುದು ಕಷ್ಟ.