ಟಿಪ್ಸ್ ಸಿಗತ್ತಲ್ಲ ಸಾರ್!

ಮಾವಿನ ಸುಗ್ಗಿಯ ವರದಿಗೆ ಅಂತ ಶ್ರೀನಿವಾಸಪುರದ ಕಡೆ ಹೋದವನು ರಾತ್ರಿ ಎಂಟೂವರೆಗೆ ಗೌನಿಪಲ್ಲಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಸಾಂಬಾರ್ ಬಕೆಟ್ ಹಿಡಿದು ಬಂದ ಸಪ್ಲೈಯರ್‌ಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. "ಎಷ್ಟಪ್ಪಾ ವಯಸ್ಸು?" ಅಂದೆ. "ಹದಿನಾರು ಅಣ್ಣಾ." "ಸಂಬಳ?" ಹುಡುಗ ಗಲ್ಲಾಪೆಟ್ಟಿಗೆ ಕಡೆ ನೋಡಿದ. ಉತ್ತರ ಅಲ್ಲಿಂದಲೇ ಬಂತು: "ಚಿಕ್ಕ ಹುಡುಗ ಸಾರ್. ಬರೋದೂ ಅರ್ಧ ದಿನ. ಮೇಲೆ ಟಿಪ್ಸ್ ಬೇರೆ ಸಿಗತ್ತಲ್ಲ!"

ಒಂದೇ ಉಸಿರಿಗೆ ಮೂರು ಕಾರಣ. ಮಾಲೀಕರು ಕೆಟ್ಟವರಲ್ಲ, ನನಗೆ ಎರಡನೇ ಸಲ ಅನ್ನ ಹಾಕಿಸಿ ಅದಕ್ಕೆ ದುಡ್ಡು ಬೇಡ ಅಂದವರು. ಈ ಮೂರೂ ಕಾರಣ ಕಾನೂನಿನಲ್ಲಿ ಇದೆ ಅಂತಲೇ ಅವರು ನಂಬಿದ್ದರು.

ಟಿಪ್ಸ್ ವಿಷಯ ಬೇಗ ಮುಗಿಯುತ್ತೆ. ನಮ್ಮ ಕಾನೂನಿನ ಪ್ರಕಾರ ವೇತನ ಅಂದರೆ ಮಾಲೀಕ ಕೊಡಬೇಕಾದ ಹಣ. ಟಿಪ್ಸ್ ಕೊಡುವುದು ಗಿರಾಕಿ. ಐಟಿಸಿ ಕಂಪನಿಯ ತೆರಿಗೆ ಪ್ರಕರಣವೊಂದರಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಟಿಪ್ಸ್ ಮಾಲೀಕ ಕೊಡುವ ಸಂಬಳವಲ್ಲ ಅಂದಿತು. ಅಮೆರಿಕದಲ್ಲಾದರೆ ಈ ಲೆಕ್ಕ ನಡೆಯುತ್ತೆ. ಅಲ್ಲಿ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಟಿಪ್ಸ್ ಪಡೆಯುವವರಿಗೆ ಮಾಲೀಕ 2.13 ಡಾಲರ್ ಕೊಟ್ಟು, ಟಿಪ್ಸ್ ಸೇರಿಸಿ 7.25 ಆಗದಿದ್ದರೆ ಉಳಿದದ್ದು ತುಂಬಿಕೊಟ್ಟರೆ ಸಾಕು. ಆ 2.13 ಅನ್ನೋದು 1991ರಿಂದ ಅಲುಗಾಡಿಲ್ಲ. ನಮ್ಮಲ್ಲಿ ಅಂಥ ರಿಯಾಯಿತಿ ಇಲ್ಲ.

ಇನ್ನು ವಯಸ್ಸು. 1948ರ ಕನಿಷ್ಠ ವೇತನ ಕಾಯ್ದೆ ವಯಸ್ಕರಿಗೊಂದು, ಹದಿಹರೆಯದವರಿಗೊಂದು ದರ ಗೊತ್ತುಮಾಡುವ ಅವಕಾಶ ಕೊಟ್ಟಿತ್ತು ನಿಜ. ಆದರೆ ಕೊಟ್ಟಿದ್ದು ಸರ್ಕಾರಕ್ಕೆ, ಹೋಟೆಲ್ ಮಾಲೀಕರಿಗಲ್ಲ. ಮುಖ ನೋಡಿ ಸಂಬಳ ಕತ್ತರಿಸುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಪ್ರಕಾರ 14ರಿಂದ 18ರೊಳಗಿನವರು ಅಪಾಯವಿಲ್ಲದ ಕೆಲಸ ಮಾಡಬಹುದು, ಆದರೆ ವಿರಾಮವೂ ಸೇರಿ ದಿನಕ್ಕೆ ಆರೇ ಗಂಟೆ. ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ಓವರ್‌ಟೈಮ್ ಇಲ್ಲವೇ ಇಲ್ಲ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೇ ಕೂಡದು. ನಾನು ಊಟಕ್ಕೆ ಕೂತಿದ್ದು ಎಂಟೂವರೆಗೆ! ಅಂದರೆ ಆ ಹುಡುಗ ಬಡಿಸಿದ್ದೇ ಕಾನೂನಿಗೆ ವಿರುದ್ಧ, ನಾನು ಅದನ್ನು ಉಂಡು ಬಂದೆ.

ಉಳಿದದ್ದು ಅರ್ಧ ದಿನ. ನಿಜವಾದ ದುಡ್ಡು ಸೋರುವುದು ಇಲ್ಲೇ. ಗಂಟೆ ಲೆಕ್ಕದ ಕೂಲಿ ಹೇಗೆ ಬರುತ್ತೆ ನೋಡಿ. ಸುಲಭಕ್ಕೆ ತಿಂಗಳಿಗೆ 13,520 ರೂಪಾಯಿ ಅಂತ ಇಟ್ಟುಕೊಳ್ಳಿ (ನಿಜವಾದ ದರ ರಾಜ್ಯದ ಅಧಿಸೂಚನೆಯಲ್ಲಿರುತ್ತೆ, ತುಟ್ಟಿಭತ್ಯೆ ಸೇರಿ ಪ್ರತಿ ಏಪ್ರಿಲ್‌ಗೆ ಬದಲಾಗುತ್ತೆ). ವಾರದ ರಜೆ ಬಿಟ್ಟು 26ರಿಂದ ಭಾಗಿಸಿದರೆ ದಿನಕ್ಕೆ 520. ಎಂಟು ಗಂಟೆಯ ದಿನ ಅಂದರೆ ಗಂಟೆಗೆ 65. ವಯಸ್ಕರಿಗೆ ಓವರ್‌ಟೈಮ್ ಆದರೆ ದುಪ್ಪಟ್ಟು, 130.

ಹುಡುಗನ ಹೋಟೆಲ್ ಬಿಡಿ, ಪಕ್ಕದ ಮಾವಿನ ಮಂಡಿಗೆ ಬನ್ನಿ. ದಿನಗೂಲಿಗೆ ಬೆಳಗ್ಗೆ ಎಂಟಕ್ಕೆ ಬಂದವರಿಗೆ ಹನ್ನೆರಡಕ್ಕೆ "ಲೋಡ್ ಇಲ್ಲ, ಹೋಗ್ರಪ್ಪಾ" ಅಂತಾರೆ, ಕೈಗೆ ಅರ್ಧ ಕೂಲಿ. ಕಾನೂನು ಏನು ಹೇಳುತ್ತೆ ಗೊತ್ತಾ? ಕೆಲಸಗಾರ ತಾನಾಗಿ ಮಾಡಲ್ಲ ಅಂತ ಎದ್ದು ಹೋಗದೆ, ಮಾಲೀಕನೇ ಕೆಲಸ ಕೊಡದಿದ್ದರೆ ಇಡೀ ದಿನದ ಕೂಲಿ ಕೊಡಬೇಕು. ಇದು 1948ರ ಕಾಯ್ದೆಯ 15ನೇ ಸೆಕ್ಷನ್. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ 10ನೇ ಸೆಕ್ಷನ್. ಹಳೇ ಕಾಯ್ದೆ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಇತ್ತು, ಹೊಸದರಲ್ಲಿ ಆ ಪಟ್ಟಿಯ ಗೋಜಿಲ್ಲ.

ಆದರೆ ಗಂಟೆ ಎಣಿಸುವವರು ಯಾರು? ನಮ್ಮ ಜಿಲ್ಲೆಯ ನರಸಾಪುರವನ್ನು ನೆನಪಿಸಿಕೊಳ್ಳಿ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್‌ನ ಐಫೋನ್ ಕಾರ್ಖಾನೆಯಲ್ಲಿ ಸಂಬಳಕ್ಕಾಗಿ ಶುರುವಾದ ಗಲಾಟೆ ಗಾಜು ಪುಡಿಯಾಗುವವರೆಗೆ ಹೋಯಿತು. ಒಂದು ವಾರದ ನಂತರ ಆಪಲ್ ಕಂಪನಿಯೇ ಒಪ್ಪಿಕೊಂಡಿತು: ಕೆಲಸದ ಗಂಟೆಗಳನ್ನು ನಿರ್ವಹಿಸುವ ಸರಿಯಾದ ವ್ಯವಸ್ಥೆ ಅಲ್ಲಿರಲಿಲ್ಲ, ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು. ಜಗತ್ತಿಗೆ ಫೋನ್ ಜೋಡಿಸಿ ಕೊಡುವ ಜಾಗದಲ್ಲೇ ಹಾಜರಾತಿ ಲೆಕ್ಕ ತಪ್ಪಿದರೆ, ಮಂಡಿಯಲ್ಲಿ ಕೇಳಬೇಕಾ?

ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮ್ಮ ಮೇಷ್ಟ್ರು ರೀಡಿಂಗ್ ಬರೆದಿಡದವನಿಗೆ ಸೊನ್ನೆ ಹಾಕುತ್ತಿದ್ದರು. ಅದನ್ನೇ ಇಲ್ಲೂ ಹೇಳ್ತೀನಿ. ಹತ್ತು ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ತಾರೀಖು, ಬಂದ ಹೊತ್ತು, ಹೋದ ಹೊತ್ತು, ಕೈಗೆ ಬಂದ ಹಣ, ಅಷ್ಟು ಬರೆದರೆ ಸಾಕು. ಹಳೇ ಕಾಯ್ದೆಯಲ್ಲಿ ಆರು ತಿಂಗಳೊಳಗೆ ದೂರು ಕೊಡಬೇಕಿತ್ತು, ಈಗ ಮೂರು ವರ್ಷ ಸಮಯ ಇದೆ. ಕಡಿಮೆ ಕೊಟ್ಟ ಹಣದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಪೂರ್ತಿ ಕೊಟ್ಟಿದ್ದೀನಿ ಅಂತ ಸಾಬೀತು ಮಾಡುವ ಹೊಣೆಯೂ ಮಾಲೀಕನದೇ.

ಹೊರಡುವಾಗ ಎಲೆಯ ಪಕ್ಕ ಇಪ್ಪತ್ತು ರೂಪಾಯಿ ಇಟ್ಟೆ. ಹುಡುಗ ಅದನ್ನು ತೆಗೆದುಕೊಂಡು ನೇರ ಗಲ್ಲಾಪೆಟ್ಟಿಗೆ ಹತ್ತಿರ ಹೋಗಿ ಅಲ್ಲಿದ್ದ ಡಬ್ಬಿಗೆ ಹಾಕಿದ.