ಮುಳ್ಳಿನ ಪಕ್ಕದಲ್ಲೊಂದು ಕೆಂಪು ದೀಪ

ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡವನ್ನು ತೋರಿಸುವ ಮೀಟರು ಇರುತ್ತದೆ. ಆದರೆ ಆ ಒತ್ತಡ ಕುಸಿದಾಗ ತಾನಾಗಿ ಹೊತ್ತಿಕೊಂಡು ಚಾಲಕನನ್ನು ಎಚ್ಚರಿಸುವ ಕೆಂಪು ದೀಪ ಸಾಮಾನ್ಯವಾಗಿ ಇರುವುದಿಲ್ಲ. ಈ ಕಾರಿನ 1798 ಸಿ.ಸಿ. ಎಂಜಿನ್ನು ‘ಬಿ ಸೀರೀಸ್’ ಎಂಬ ವಂಶಕ್ಕೆ ಸೇರಿದ್ದು, ಭಾರತದ ರಸ್ತೆಗಳಿಗೆ ಚಿರಪರಿಚಿತವಾಗಿದ್ದ ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಅದೇ ವಂಶದ್ದು.

ಎಂಜಿನ್ನಿನ ತಳದ ತೊಟ್ಟಿಯಲ್ಲಿರುವ ಆಯಿಲನ್ನು ಪಂಪು ಮೇಲೆತ್ತಿ, ಫಿಲ್ಟರಿನ ಮೂಲಕ ಹಾಯಿಸಿ, ಕ್ರ್ಯಾಂಕ್‌ಶಾಫ್ಟ್ ತಿರುಗುವ ಬೇರಿಂಗುಗಳಿಗೆ ಒತ್ತಡದಿಂದ ತಳ್ಳುತ್ತದೆ. ಅಲ್ಲಿ ಉಂಟಾಗುವ ಆಯಿಲಿನ ತೆಳುಪೊರೆಯ ಮೇಲೆ ಶಾಫ್ಟು ತೇಲುವುದರಿಂದಲೇ ಲೋಹಕ್ಕೆ ಲೋಹ ತಾಗುವುದಿಲ್ಲ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಚದರ ಅಂಗುಲಕ್ಕೆ 50ರಿಂದ 80 ಪೌಂಡ್, ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ 10ರಿಂದ 25 ಪೌಂಡ್ ಒತ್ತಡ ಇರಬೇಕೆಂದು ಎಂಜಿಬಿಯ ಕೈಪಿಡಿ ಹೇಳುತ್ತದೆ. ಹಳೆಯ ಮೀಟರಿನೊಳಗೆ ಇರುವುದು ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ನಳಿಕೆ; ಒಳಗಿನ ಆಯಿಲಿನ ಒತ್ತಡ ಏರಿದಷ್ಟೂ ಅದು ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುತ್ತದೆ. ಇಂಥ ಮೀಟರು ನಂಬಿಕಸ್ತ, ಆದರೆ ರಸ್ತೆಯ ಮೇಲೆ ಕಣ್ಣಿಟ್ಟಿರುವ ಚಾಲಕ ಅದನ್ನು ನೋಡಿದಾಗ ಮಾತ್ರ.

ಮೀಟರಿನ ಜೊತೆಗೆ ನಾವೇ ಕೂಡಿಸಿಕೊಳ್ಳಬಹುದಾದ ದೀಪದ ವ್ಯವಸ್ಥೆ ಸರಳವಾದದ್ದು. ಎಂಜಿನ್ನಿಗೆ ತಿರುಗಿಸಿ ಕೂರಿಸುವ ಒಂದು ಸ್ವಿಚ್ಚಿನಲ್ಲಿ ಸ್ಪ್ರಿಂಗು ಮತ್ತು ತೆಳುವಾದ ಪಟಲವಿದ್ದು, ಒತ್ತಡ ಇಲ್ಲದಾಗ ಸಂಪರ್ಕ ಕೂಡಿಕೊಂಡಿರುತ್ತದೆ, ಒತ್ತಡ ಏರಿದಾಗ ಬಿಟ್ಟುಕೊಳ್ಳುತ್ತದೆ. ಇಗ್ನಿಷನ್ ಕೀ ತಿರುಗಿಸಿದಾಗ ವಿದ್ಯುತ್ತು ಫ್ಯೂಸಿನ ಮೂಲಕ ದೀಪಕ್ಕೆ, ದೀಪದಿಂದ ಸ್ವಿಚ್ಚಿಗೆ, ಅಲ್ಲಿಂದ ಎಂಜಿನ್ನಿನ ಲೋಹದ ಮೂಲಕ ಬ್ಯಾಟರಿಗೆ ಮರಳುವುದರಿಂದ ಸ್ವಿಚ್ಚಿಗೆ ಒಂದೇ ವೈರು ಸಾಕು.

ಯೋಚಿಸಬೇಕಾದದ್ದು ಸ್ವಿಚ್ಚು ಎಷ್ಟು ಒತ್ತಡದಲ್ಲಿ ಎಚ್ಚರಿಸಬೇಕು ಎಂಬುದನ್ನು. ಅನೇಕ ಕಾರುಗಳ ಸ್ವಿಚ್ಚುಗಳು 10 ಪೌಂಡಿಗೂ ಕೆಳಗೆ ಕೆಲಸ ಮಾಡುವಂಥವು. ಹೆದ್ದಾರಿಯಲ್ಲಿ ಒತ್ತಡ 60ರಿಂದ 15ಕ್ಕೆ ಇಳಿದು ಬೇರಿಂಗುಗಳು ಸವೆಯತೊಡಗಿದರೂ ಅಂಥ ದೀಪ ಹೊತ್ತುವುದಿಲ್ಲ, ಹೊತ್ತುವ ವೇಳೆಗೆ ಹಾನಿ ಆಗಿಹೋಗಿರುತ್ತದೆ. 20 ಪೌಂಡಿನ ಸ್ವಿಚ್ಚು ಹಾಕಿದರೆ ಎಚ್ಚರಿಕೆ ಮೊದಲೇ ಸಿಗುತ್ತದೆ, ಆದರೆ ಬಿಸಿಯಾದ ಎಂಜಿನ್ನು ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಿನುಗಬಹುದು. ಈ ಮಿನುಗನ್ನು ದೋಷವೆಂದು ಹಲವರು ದೂರುತ್ತಾರಾದರೂ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದೊಡನೆ ಅದು ಆರುವುದಾದರೆ ಸಹಿಸಿಕೊಳ್ಳುವುದೇ ಲೇಸು. ಏಕೆಂದರೆ ಬಲ್ಬು ಸುಟ್ಟರೂ ವೈರು ಕಡಿದರೂ ದೀಪ ಸುಮ್ಮನೆ ಆರಿಯೇ ಇರುತ್ತದೆ, ಎಲ್ಲವೂ ಸರಿಯಿದ್ದಾಗಲೂ ಅದು ಆರಿಯೇ ಇರುತ್ತದೆ, ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ತೋರಿಸಲು ಮಿನುಗು ನೆರವಾಗುತ್ತದೆ.

ಮೀಟರಿಗೆ ಹೋಗುವ ಕೊಳವೆ ಎಂಜಿನ್ ಬ್ಲಾಕಿಗೆ ಸೇರುವಲ್ಲಿ ಹಿತ್ತಾಳೆಯ ಟಿ-ಜಾಯಿಂಟ್ ಹಾಕಿ, ಒಂದು ಕವಲನ್ನು ಮೀಟರಿಗೂ ಇನ್ನೊಂದನ್ನು ಸ್ವಿಚ್ಚಿಗೂ ಬಿಡುವುದು ರೂಢಿ. ಇಲ್ಲಿ ಮೋಸಹೋಗುವುದು ಮರೆಯ, ಅಂದರೆ ತಿರುಪಿನ ಸುತ್ತುಗೆರೆಯ, ವಿಷಯದಲ್ಲಿ: ಎಂಟನೇ ಒಂದು ಇಂಚಿನ ಬ್ರಿಟಿಷ್ ಪೈಪು ಮರೆಯಲ್ಲಿ ಇಂಚಿಗೆ 28 ಸುತ್ತುಗಳೂ ಅದೇ ಅಳತೆಯ ಅಮೆರಿಕನ್ ಮರೆಯಲ್ಲಿ 27 ಸುತ್ತುಗಳೂ ಇರುವುದರಿಂದ, ಒಂದರೊಳಗೆ ಇನ್ನೊಂದು ಮೊದಲು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ, ಬಲವಂತ ಮಾಡಿದರೆ ಮರೆಯೇ ಕೆಡುತ್ತದೆ. ಸೋರಿಕೆ ತಡೆಯಲೆಂದು ಟೆಫ್ಲಾನ್ ಟೇಪನ್ನು ಧಾರಾಳವಾಗಿ ಸುತ್ತಿದರೆ ಅದರ ಚೂರು ಆಯಿಲಿನ ದಾರಿಯನ್ನು ಕಟ್ಟಬಹುದು, ಸ್ವಿಚ್ಚಿಗೆ ಎಂಜಿನ್ನಿನ ಲೋಹದಿಂದ ಸಿಗಬೇಕಾದ ಅರ್ತ್ ಕೂಡ ತಪ್ಪಬಹುದು. ಭಾರವಾದ ಸ್ವಿಚ್ಚನ್ನು ಜಾಯಿಂಟಿಗೇ ಜೋತುಹಾಕಿದರೆ ಎಂಜಿನ್ನಿನ ಅದುರುವಿಕೆಗೆ ಹಿತ್ತಾಳೆ ಬಿರುಕುಬಿಟ್ಟು, ಎಂಜಿನ್ನನ್ನು ಕಾಯಲೆಂದು ಬಂದ ಸಾಧನವೇ ಅದರ ಆಯಿಲನ್ನು ಹೊರಚೆಲ್ಲುವ ಸಂಭವವುಂಟು. ಅಂಥದ್ದನ್ನು ಬಾಗುವ ಹೋಸಿನ ತುದಿಯಲ್ಲಿಟ್ಟು ಕಾರಿನ ಲೋಹದ ಮೈಗೆ ಬಿಗಿಯುವುದು ಕ್ಷೇಮ, ಆಗ ಅರ್ತ್ ವೈರನ್ನು ಬೇರೆಯಾಗಿ ಕೊಡಬೇಕಾದೀತು.

1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ತಂತಿಯ ಬಲ್ಬಿಗೆ ಇದರಿಂದ ತೊಂದರೆಯಿಲ್ಲ, ಎಲ್‌ಇಡಿಗೆ ದಿಕ್ಕು ತಪ್ಪಿದರೆ ಅದು ಹೊತ್ತುವುದೇ ಇಲ್ಲ. ದೀಪಕ್ಕಾಗಿ ಡ್ಯಾಶ್‌ಬೋರ್ಡನ್ನು ಕೊರೆಯುವುದಕ್ಕಿಂತ, ಅದರ ಕೆಳಂಚಿಗೆ ಬಿಚ್ಚಬಹುದಾದ ಪಟ್ಟಿಯೊಂದನ್ನು ಕೂರಿಸುವುದು ಹಳೆಯ ಕಾರಿಗೆ ಸಲ್ಲುವ ಮರ್ಯಾದೆ.

ಕೀ ತಿರುಗಿಸಿ ಎಂಜಿನ್ ಶುರುಮಾಡುವ ಮೊದಲು ದೀಪ ಹೊತ್ತಬೇಕು, ಶುರುವಾದ ಕೆಲವೇ ಕ್ಷಣಗಳಲ್ಲಿ ಆರಬೇಕು. ಓಡುವಾಗ ಹೊತ್ತಿಕೊಂಡರೆ ಕಾರನ್ನು ಬದಿಗೆ ತಂದು ಎಂಜಿನ್ ನಿಲ್ಲಿಸಿ, ಆಯಿಲಿನ ಮಟ್ಟವನ್ನು ಕಡ್ಡಿಯಿಂದ ನೋಡಬೇಕು. ದೀಪ ಹೊತ್ತಿದ ಆ ಗಳಿಗೆಯಲ್ಲಿ ಮೀಟರಿನ ಮುಳ್ಳು ಎಂದಿನ ಜಾಗದಲ್ಲೇ ಇತ್ತೆಂದಾದರೆ ಸಂಶಯ ಸ್ವಿಚ್ಚಿನ ಇಲ್ಲವೇ ಕಾರಿನ ಲೋಹದ ಮೈಗೆ ತಗುಲಿದ ವೈರಿನ ಮೇಲೆ ಹೋಗುತ್ತದೆ; ಮುಳ್ಳೂ ಬಿದ್ದಿದ್ದರೆ ಎಂಜಿನ್ನನ್ನು ಮತ್ತೆ ಚಾಲೂ ಮಾಡದೆ ಕಾರನ್ನು ಮೆಕ್ಯಾನಿಕ್ ಇರುವಲ್ಲಿಗೆ ಎಳೆಸಿಕೊಂಡು ಹೋಗಬೇಕಾಗುತ್ತದೆ.