ತೋಟದ ಕೆಲಸಗಾರರ ಯೋಗ್ಯತೆಯೂ ಅದರ ಪರೀಕ್ಷೆಯೂ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೋಕುಗಳ ಗುಡ್ಡಗಾಡಿನಲ್ಲಿ ಕಾಫಿ, ಮೆಣಸು, ಏಲಕ್ಕಿ ಇವು ಮುಖ್ಯವಾದ ತೋಟದ ಫಸಲುಗಳಾಗಿರುವುವು. ನೆಲ ಮತ್ತು ಮಳೆ ಚೆನ್ನಾಗಿದ್ದ ಮಾತ್ರಕ್ಕೆ ಇವು ಕೈಗೂಡುವುವೆಂದು ತಿಳಿಯಲಾಗದು. ಕೆಲಸಗಾರನ ಕೈಚಳಕವೂ ಅಷ್ಟೇ ಅವಶ್ಯವಾದುದು. ಆದರೆ ಈ ಕೆಲಸವನ್ನು ಚೆನ್ನಾಗಿ ಬಲ್ಲವರಲ್ಲಿ ಅನೇಕರು ವೃದ್ಧರಾಗುತ್ತಿರುವರು. ಅವರ ಮಕ್ಕಳಲ್ಲಿ ಹಲವರು ಬೇರೆ ಉದ್ಯೋಗವನ್ನು ಹುಡುಕಿಕೊಂಡು ಪಟ್ಟಣಗಳಿಗೆ ಹೋಗುತ್ತಿರುವರು. ಕೆಲಸದ ಯೋಗ್ಯತೆಯನ್ನು ಅಳೆದು ಗೌರವಿಸುವ ಕ್ರಮವನ್ನು ತಿದ್ದಿಕೊಳ್ಳದಿದ್ದರೆ, ಮುಂದೆ ತೋಟಗಳಿದ್ದರೂ ಅವನ್ನು ನೋಡಿಕೊಳ್ಳುವವರು ಸಿಕ್ಕದೆ ಹೋಗುವ ಕಾಲ ಬರುವುದು.

ಮರಗಸಿಯ ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನೆರಳು ಮರಗಳ ಕೊಂಬೆಗಳನ್ನು ಕಡಿಮೆ ಕಡಿದರೆ ಗಾಳಿಬೆಳಕು ಸಾಲದೆ ಮಳೆಗಾಲದಲ್ಲಿ ಕೊಳೆರೋಗವು ಹಬ್ಬುವುದು. ಅತಿಯಾಗಿ ಕಡಿದರೆ ಅರೇಬಿಕಾ ಗಿಡದ ಕಾಂಡಕ್ಕೆ ಬಿಸಿಲು ತಾಗಿ, ಬಿಳಿ ಕಾಂಡಕೊರಕದ ದುಂಬಿಯು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡಲು ಅನುಕೂಲವಾಗುವುದು. ಅದರ ಮರಿಹುಳುವು ಕಾಂಡದೊಳಗೆ ಕೊರೆದುಕೊಂಡು ಹೋಗುವುದು. ಕಾಂಡದ ಮೇಲಣ ಉಬ್ಬುಗೆರೆಗಳನ್ನು ಗುರುತಿಸಿ, ದುಂಬಿಗಳು ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳಿಗೆ ಮುಂಚೆಯೇ ಅಂಥಾ ಗಿಡಗಳನ್ನು ಕಿತ್ತು ಸುಡದಿದ್ದರೆ, ಸುತ್ತಮುತ್ತಲಿನ ಗಿಡಗಳಿಗೂ ಕೇಡು ತಗಲುವುದು. ಕಪಾತಿನಲ್ಲಿಯೂ ಹೀಗೆಯೇ. ಅರೇಬಿಕಾ ಗಿಡವು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ ಕಾಯಿ ಕಟ್ಟುವುದರಿಂದ, ಉಳಿಸತಕ್ಕ ಕಡ್ಡಿ ಯಾವುದೆಂದರಿಯದವನು ಬರುವ ವರ್ಷದ ಫಸಲನ್ನೇ ಕತ್ತರಿಸಿಹಾಕುವನು. ಇಷ್ಟು ವಿವೇಚನೆಯುಳ್ಳವನಿಗೂ ಬರಿಯ ಗುಂಡಿ ತೋಡುವವನಿಗೂ ಒಂದೇ ಕೂಲಿಯಾದರೆ, ಈ ವಿದ್ಯೆಯನ್ನು ಕಲಿಯಬೇಕೆಂದು ಯಾರಿಗೆ ತಾನೆ ಮನಸ್ಸು ಬಂದೀತು?

ವ್ಯವಸಾಯ ಶಿಕ್ಷಣವು ಈ ಸೀಮೆಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1913ನೆಯ ಇಸವಿಯಲ್ಲಿ, ಹೆಬ್ಬಾಳದಲ್ಲಿ ವ್ಯವಸಾಯ ಶಾಲೆಯು ಆರಂಭವಾಯಿತು; 1946ರಲ್ಲಿ ಅಲ್ಲಿಯೇ ಕಾಲೇಜೂ ಸ್ಥಾಪಿತವಾಯಿತು. ಕಾಫಿಯ ಸಂಶೋಧನೆಗಾಗಿ 1925ರಲ್ಲಿ ಬಾಳೆಹೊನ್ನೂರಿನ ಸಮೀಪದಲ್ಲಿ ತೆರೆದ ಪ್ರಯೋಗಕ್ಷೇತ್ರವು ಈಗ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿರುವುದು. ಇವುಗಳಿಂದ ಒಳ್ಳೆಯ ತಳಿಗಳೂ ಒಳ್ಳೆಯ ಅಧಿಕಾರಿಗಳೂ ದೊರೆತರು. ಆದರೆ ಏಣಿಯ ಮೇಲೆ ನಿಂತು ಕತ್ತಿ ಹಿಡಿಯುವವನ ವಿದ್ಯೆಯು ತಂದೆಯಿಂದ ಮಗನಿಗೂ ಮೇಸ್ತ್ರಿಯಿಂದ ಆಳಿಗೂ ಬಾಯಿಮಾತಿನಲ್ಲಿ ಹೋಗುತ್ತಲೇ ಉಳಿಯಿತು.

2013ರ ಡಿಸೆಂಬರ್ 27ರಂದು ಭಾರತ ಸರ್ಕಾರವು ಕೌಶಲಗಳನ್ನು ಮೆಟ್ಟಲು ಮೆಟ್ಟಲಾಗಿ ವರ್ಗೀಕರಿಸುವ ರಾಷ್ಟ್ರೀಯ ಚೌಕಟ್ಟೊಂದನ್ನು ಪ್ರಕಟಿಸಿತು. ಇದರಲ್ಲಿ ಒಬ್ಬನು ಎಲ್ಲಿ ಕಲಿತನೆಂಬುದಕ್ಕಿಂತ ಏನನ್ನು ಮಾಡಬಲ್ಲನೆಂಬುದೇ ಮುಖ್ಯ. ಶಾಲೆಯ ಮೆಟ್ಟಲು ಹತ್ತದವನೂ ಅನುಭವದಿಂದ ಕಲಿತುದನ್ನು ಪರೀಕ್ಷೆಯಲ್ಲಿ ತೋರಿಸಿ ಯೋಗ್ಯತಾಪತ್ರವನ್ನು ಪಡೆಯಲು ಇಲ್ಲಿ ಅವಕಾಶವುಂಟು. ಈ ಅವಕಾಶವು ಮಲೆನಾಡಿಗೆ ಉಪಯುಕ್ತವಾಗಬೇಕಾದರೆ ಕೆಳಗಣ ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಪರೀಕ್ಷೆಯು ಕೊಠಡಿಯಲ್ಲಿ ಅಲ್ಲ, ತೋಟದಲ್ಲಿಯೇ ನಡೆಯಬೇಕು. ಪ್ರಶ್ನೆಗಳು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅಕ್ಷರ ಬಾರದವನು ಕಪಾತಿನಲ್ಲಿ ನಿಪುಣನಾಗಿರಬಹುದು.

ಎರಡನೆಯದಾಗಿ, ಮರಗಸಿ, ಕಪಾತು, ಕೊರಕದ ಪತ್ತೆ, ಹಣ್ಣಿನ ಸಂಸ್ಕರಣೆ ಇವುಗಳಿಗೆ ಬೇರೆ ಬೇರೆ ಪತ್ರಗಳಿರಬೇಕು. ಹೀಗಾದರೆ ಕೆಲಸಗಾರನು ತನ್ನ ಕೂಲಿಯನ್ನು ಹೆಚ್ಚುದಿನ ಕಳೆದುಕೊಳ್ಳದೆ ಒಂದೊಂದನ್ನಾಗಿ ಪಡೆಯಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ಕುಯ್ಲಿನ ಕಾಲವನ್ನು ಶಿಕ್ಷಣಕ್ಕೆ ಬಿಟ್ಟುಬಿಡುವುದು ಒಳ್ಳೆಯದಲ್ಲ.

ಮೂರನೆಯದಾಗಿ, ಪ್ರಾಣರಕ್ಷಣೆಯು ಪ್ರತಿಯೊಂದು ಪತ್ರದಲ್ಲಿಯೂ ಸೇರಿರಬೇಕು. ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿಯು ವಿದ್ಯುತ್ ತಂತಿಗೆ ತಗುಲಿದರೆ ಕ್ಷಣಮಾತ್ರದಲ್ಲಿ ಜೀವ ಹೋಗುವುದು. ಏಣಿಯನ್ನು ಎತ್ತುವುದಕ್ಕೆ ಮೊದಲು ತಲೆಯೆತ್ತಿ ತಂತಿಗಳನ್ನು ನೋಡುವ ಅಭ್ಯಾಸವಿಲ್ಲದವನಿಗೆ ಯಾವ ಪತ್ರವನ್ನೂ ಕೊಡತಕ್ಕದ್ದಲ್ಲ. ಆನೆಗಳು ಸಂಚರಿಸುವ ಈ ತಾಲ್ಲೋಕುಗಳಲ್ಲಿ ಮುಂಜಾನೆ ತೋಟಕ್ಕೆ ಇಳಿಯುವ ಮುನ್ನ ಅವುಗಳ ಸುಳಿವನ್ನು ವಿಚಾರಿಸಿಕೊಳ್ಳುವ ಕ್ರಮವನ್ನೂ ಕಲಿಸಬೇಕು.

ನಾಲ್ಕನೆಯದಾಗಿ, ಹೊಸ ಕೆಲಸಗಳನ್ನು ಮರೆಯಲಾಗದು. ಪಾರ್ಚ್‌ಮೆಂಟ್ ಕಾಫಿಯನ್ನು ನೂರಕ್ಕೆ 10ರಷ್ಟು ತೇವಾಂಶಕ್ಕೆ ಒಣಗಿಸಿ ಅಳೆಯುವುದು, ಪಲ್ಪರಿನ ಕೊಳೆನೀರು ಹೇಮಾವತಿಗೆ ಸೇರುವ ಹಳ್ಳಗಳಿಗೆ ಹರಿಯದಂತೆ ತಡೆಯುವುದು ಇಂಥಾ ಕೆಲಸಗಳಿಗೆ ತಿಳಿದವರು ಬೇಕು. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನಿನಂತೆ, ಅಲ್ಲಿಗೆ ಹೋಗುವ ಕಾಫಿಯು 2020ರ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದುದಾಗಿರಕೂಡದು. ತೋಟದ ಸ್ಥಾನವನ್ನು ಭೂಪಟದ ಅಂಕಿಗಳಿಂದ ತೋರಿಸಬೇಕು. ಅದರ ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದರೂ ಸಿದ್ಧತೆಯನ್ನು ಮುಂದೂಡುವುದು ವಿವೇಕವಲ್ಲ. ಮೊಬೈಲಿನಲ್ಲಿ ಅಳತೆ ತೆಗೆದು ಲೆಕ್ಕವಿಡಬಲ್ಲ ಹಳ್ಳಿಯ ಹುಡುಗಹುಡುಗಿಯರಿಗೆ ಇದರಿಂದ ಊರಿನಲ್ಲಿಯೇ ಉದ್ಯೋಗ ದೊರೆಯಬಹುದು.

ಇಷ್ಟೆಲ್ಲಾ ಆದರೂ, ಪತ್ರ ಪಡೆದವನಿಗೆ ಕೂಲಿಯು ಹೆಚ್ಚದಿದ್ದರೆ ಅದು ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಕಾಗದವಾಗುವುದು. ಹೆಚ್ಚು ಕೂಲಿ ಕೊಟ್ಟು ಕಲಿತವನನ್ನು ಉಳಿಸಿಕೊಂಡರೆ ಅವನು ಬೇರೆ ತೋಟಕ್ಕೆ ಹೋಗುವನೆಂಬ ಭಯವು ಕೆಲವು ಜಮೀನುದಾರರಲ್ಲಿರುವುದು ಸಹಜವೇ. ಆದರೆ ಕಲಿಯದವನು ತಮ್ಮ ತೋಟದಲ್ಲಿಯೇ ಉಳಿದು ಗಿಡಗಳನ್ನು ಕೆಡಿಸುವುದರಿಂದಾಗುವ ನಷ್ಟವನ್ನೂ ಅವರು ಲೆಕ್ಕ ಹಾಕಿ ನೋಡಬೇಕು.

ಆದಕಾರಣ ಗ್ರಾಮದ ಮುಖಂಡರು ತಮ್ಮ ಊರಿನಲ್ಲಿ ಮರಗಸಿ ಮತ್ತು ಕಪಾತು ಬಲ್ಲ ಹಿರಿಯರ ಪಟ್ಟಿಯನ್ನು ಮೊದಲು ಮಾಡಿಕೊಳ್ಳತಕ್ಕದ್ದು. ಜಮೀನುದಾರರು ನಾಲ್ಕಾರು ಮಂದಿ ಸೇರಿ ಪರೀಕ್ಷೆಗಾಗಿ ಒಂದು ತೋಟವನ್ನು ಬಿಟ್ಟುಕೊಟ್ಟು, ಪತ್ರವುಳ್ಳವರಿಗೆ ಕೊಡತಕ್ಕ ಕೂಲಿಯನ್ನು ಮುಂಚೆಯೇ ಗೊತ್ತುಮಾಡಿ ಊರಿಗೆ ತಿಳಿಸುವುದು ಯುಕ್ತ. ಶಿಕ್ಷಣದ ವಿಷಯದಲ್ಲಿ ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯನ್ನೂ ಹಾಸನದ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು. ಕೆಲಸ ಬಲ್ಲ ಹಿರಿಯರು ಏಣಿ ಹತ್ತುವ ಶಕ್ತಿಯುಳ್ಳವರಾಗಿರುವಾಗಲೇ ಈ ಕಾರ್ಯವನ್ನು ನಡೆಸತಕ್ಕದ್ದು.